ಎಡಕ್ಕೆ ಎಳೆಯುವ ಕಾರು

ಅಲ್ಲ ರೀ, ನೀವು ಹೇಳಿದ ಹಾಗೇ ಎಡಕ್ಕೆ ತಿರುಗಿದೆ. ಮುಂದೆ ಆ ಚಪ್ಪಲಿ ಅಂಗಡಿಯವರು ಇನ್ನೊಂದು ಎಡ ಅಂದರು, ಅದಕ್ಕೂ ತಿರುಗಿದೆ. ಈಗ ನೋಡಿದರೆ ಅದೇ ನೀರಿನ ಟ್ಯಾಂಕು, ಅದೇ ಬೀಗ ಜಡಿದ ಥಿಯೇಟರು, ಅದೇ ಔಷಧಿ ಅಂಗಡಿ ಮೆಟ್ಟಿಲ ಮೇಲೆ ನೀವು. ಭಾಷೆ ಬಾರದ ಬಂದರುಗಳಲ್ಲಿ ಕೈಸನ್ನೆಯಲ್ಲೇ ದಾರಿ ಕೇಳಿಕೊಂಡು ಊಟದ ಹೊತ್ತಿಗೆ ಸರಿಯಾಗಿ ಹೋಗಿ ಸೇರಿದವಳು ನಾನು. ನಿಮ್ಮೂರಿಗೆ ಬಂದು ದಾರಿ ತಪ್ಪಿಸಿಕೊಂಡೆ ನೋಡಿ. ಇನ್ನೊಂದು ಸಲ ಹೇಳಿಬಿಡಿ… ಗುಂಡಿ ಡಾಕ್ಟರ ಅಂಗಡಿ. ಗೇಮ್‌ಪ್ಯಾಡು, ರಿಮೋಟು, ಲಿಫ್ಟಿನ ಗುಂಡಿ, ಬೆರಳಲ್ಲಿ ಒತ್ತುವಂಥದ್ದು ಏನು ಕೆಟ್ಟರೂ ರಿಪೇರಿ ಮಾಡ್ತಾನಲ್ಲ, ಅವನದು.

ಏನು? ನೀವೇ ಬರ್ತೀರಾ?

ಆ ಕಡೇನೇ ಹೋಗೋದು ಅಂದಮೇಲೆ ಮೊದಲ ಸಲ ಕೇಳಿದಾಗಲೇ ಅನ್ನಬಹುದಿತ್ತಲ್ಲ. ಅಷ್ಟು ಹೊತ್ತು ನನ್ನ ಮುಖಾನೇ ನೋಡಿದಿರಿ, ಆಮೇಲೆ ಕೈ ತೋರಿಸಿ ಕಳಿಸಿದಿರಿ. ಈಗ ಎದ್ದು ಬರ್ತಿದ್ದೀರಿ. ಇರಲಿ, ಇರಲಿ… ಅನುಮಾನ ಅಂತಲ್ಲ, ನನ್ನ ಕಸುಬೇ ಹಾಗೆ. ಬ್ಯಾಗು ಬೇಡ, ನಾನೇ ಹಿಡ್ಕೋತೀನಿ. ಭಾರ ಏನಿಲ್ಲ. ಒಳಗೇನೂ ಇಲ್ಲ ರೀ, ಎರಡು ಜೊತೆ ಬಟ್ಟೆ, ಫೋನಿನ ಚಾರ್ಜರು, ಅಷ್ಟೆ. ಬಿಡಿ ಅಂದೆನಲ್ಲ. ನಿಮ್ಮ ಕೈಲೇ ಬೇಕಾದಷ್ಟಿದೆ… ಮಾತ್ರೆ, ಮುಲಾಮು, ಆ ಕೆಂಪು ರಬ್ಬರ್ ಚೆಂಡು. ಮನೇಲಿ ಮಗು ಇದೆಯಾ? ಇಲ್ವಾ? ಮಗು ಇಲ್ಲದ ಮನೆಗೆ ಚೆಂಡು ಯಾಕೋ. ಸರಿ, ಅದು ನಿಮ್ಮ ವಿಷಯ.

ಕಸುಬು ಅಂದೆನಲ್ಲ, ತಕ್ಕಡಿ ತಪಾಸಣೆ ನನ್ನದು. ಬಂದರು, ವಿಮಾನ ನಿಲ್ದಾಣ, ಕಾಳಿನ ಗೋದಾಮು… ಎಲ್ಲಿ ತೂಕದ ಯಂತ್ರ ಇದೆಯೋ ಅಲ್ಲಿಗೆ ನಾನು. ಇಪ್ಪತ್ತಾರು ವರ್ಷ ಆಯ್ತು, ಒಂದೂರಲ್ಲಿ ಒಂದು ತಿಂಗಳಿಗಿಂತ ಜಾಸ್ತಿ ನಿಂತಿಲ್ಲ. ತೂಗುವವನ ಮುಖ ನಾನು ನೋಡಲ್ಲ, ಹೆಬ್ಬೆರಳು ನೋಡ್ತೀನಿ. ಜಗತ್ತಿನ ಅರ್ಧ ಮೋಸ ಹೆಬ್ಬೆರಳಲ್ಲೇ ಇರೋದು. ತಟ್ಟೆಯ ಅಂಚಿಗೆ ಹೀಗೆ… ಇಟ್ಟೂ ಇಡದ ಹಾಗೆ. ಇನ್ನರ್ಧ ಮೋಸ ಸೊನ್ನೆಯಲ್ಲಿ. ಏನನ್ನೂ ಇಡೋ ಮುಂಚೆ ಖಾಲಿ ತಕ್ಕಡಿ ನೋಡಬೇಕು. ಮುಳ್ಳು ಸೊನ್ನೆ ಮೇಲೆ ನಿಂತಿದೆಯಾ? ಒಂದು ಕೂದಲೆಳೆ ಆಚೆ ಇದ್ದರೂ ಆಮೇಲೆ ತೂಗಿದ್ದೆಲ್ಲ ಸುಳ್ಳು. ಎಷ್ಟು ಜನಕ್ಕೆ ಈ ಪಾಠ ಒಪ್ಪಿಸಿದ್ದೀನೋ. ನಿದ್ದೆಗಣ್ಣಲ್ಲಿ ಕೇಳಿದರೂ ಹೇಳ್ತೀನಿ.

ಬಲಕ್ಕಾ? ಬಲಕ್ಕೆ ಅಂತ ಯಾರೂ ಹೇಳಲಿಲ್ಲವಲ್ಲ. ನಡೀರಿ.

ಡಾಕ್ಟರು ನನಗೇನಾಗಬೇಕು ಅಂತ ನೀವು ಕೇಳಲೇ ಇಲ್ಲ. ಬೇರೆಯವರಾಗಿದ್ದರೆ ಮೊದಲು ಅದನ್ನೇ ಕೇಳ್ತಿದ್ದರು. ತಮ್ಮ ರೀ, ಒಡಹುಟ್ಟಿದ ತಮ್ಮ. ತಲೆ ಆಡಿಸ್ತೀರಿ, ಗೊತ್ತಿತ್ತು ಅನ್ನೋ ಹಾಗೆ… ಮೂಗು ನೋಡಿದರೆ ಗೊತ್ತಾಗುತ್ತೆ ಬಿಡಿ. ಇಬ್ಬರಿಗೂ ಒಂದೇ ಅಚ್ಚು. ಅವನಿಂದ ಒಂದು ಬಾಕಿ ಬರಬೇಕು, ವಸೂಲಿಗೆ ಬಂದಿದ್ದೀನಿ. ಗಾಬರಿ ಬೇಡ, ದುಡ್ಡಲ್ಲ. ಒಂದು ಮಾತು. ಒಂದೇ ಒಂದು ಮಾತು ಅವನ ಬಾಯಿಂದ ಬರಬೇಕು.

ಹೇಳ್ತೀನಿ, ದಾರಿ ಸಾಗಬೇಕಲ್ಲ. ಹನ್ನೆರಡು ವರ್ಷದ ಹಿಂದೆ, ಕೊನೇ ಸಲ ನಾವು ಎದುರುಬದುರು ಕೂತಾಗಿನ ಮಾತು. ಆಗ ಅವನಿಗೆ ಮದುವೆಯಾಗಿರಲಿಲ್ಲ, ಬೇರೆ ಊರಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಿದ್ದ. ನಾನು ಹೊಸ ಫೋನು ತಗೊಂಡಿದ್ದೆ, ಅದರಲ್ಲಿ ಒಂದು ಕಾರ್ ರೇಸಿನ ಆಟ. ಅವನು ನನ್ನ ಫೋನು ಇಸ್ಕೊಂಡು ಎರಡು ನಿಮಿಷ ಆಡಿದ. ಹಲ್ಲಿಗೆ ಕಲ್ಲು ಸಿಕ್ಕಿದವನ ಹಾಗೆ ಮುಖ ಮಾಡಿ ವಾಪಸ್ ಕೊಟ್ಟ. ಇದು ಆಟ ಅಲ್ಲ ಅಕ್ಕ, ಕಿಟಕಿ ಒರೆಸಿದ ಹಾಗಿದೆ ಅಂದ. ಫೋನಿನ ಗಾಜಿಗೆ ಅಂಚಿಲ್ಲವಂತೆ. ಅಂಚಿಲ್ಲದಿದ್ದರೆ ಬೆರಳಿಗೆ ತಾನೆಲ್ಲಿದ್ದೀನಿ ಅಂತ ತಿಳಿಯಲ್ಲವಂತೆ. ಕಣ್ಣು ರಸ್ತೆ ನೋಡಬೇಕೋ, ಬೆರಳು ಜಾರದ ಹಾಗೆ ಕಾವಲು ಕೂರಬೇಕೋ? ಸಾಲದ್ದಕ್ಕೆ ಹೆಬ್ಬೆರಳೇ ಅರ್ಧ ರಸ್ತೆ ಮುಚ್ಚಿಕೊಂಡಿರುತ್ತೆ. ಗೇಮ್‌ಪ್ಯಾಡು ಅಂದರೆ ಕೈಯೊಳಗೆ ಇನ್ನೊಂದು ಕೈ ಇದ್ದ ಹಾಗೆ, ಕಣ್ಣು ಕಟ್ಟಿದರೂ ಗುಂಡಿ ಸಿಗುತ್ತೆ ಅಂದ.

ನಾನು ಬಿಡ್ತೀನಾ? ಗುಂಡಿ ಅಂದರೆ ಸವೆತ ಕಣೋ ಅಂದೆ. ಅದಕ್ಕೇ ತಾನೆ ನಿನಗೆ ಊಟ ಸಿಗ್ತಿರೋದು. ಸ್ಪ್ರಿಂಗು ಸಾಯುತ್ತೆ, ರಬ್ಬರು ಹರಿಯುತ್ತೆ, ಧೂಳು ಕೂರುತ್ತೆ. ಗಾಜಿಗೆ ಅದ್ಯಾವುದೂ ಇಲ್ಲ. ನಿನ್ನ ಗೇಮ್‌ಪ್ಯಾಡಲ್ಲಿ ಗುಂಡಿ ಇರೋ ಕಡೆಗೆ ಬೆರಳು ಹೋಗಬೇಕು, ಗಾಜಲ್ಲಿ ಬೆರಳಿರೋ ಕಡೆಗೆ ಗುಂಡಿ ಬರುತ್ತೆ. ದೊಡ್ಡ ಕೈ, ಸಣ್ಣ ಕೈ, ಎಡಚ, ಬಲಚ, ಯಾರಿಗೆ ಹೇಗೆ ಬೇಕೋ ಹಾಗೆ ಜೋಡಿಸ್ಕೋಬಹುದು. ಜೇಬಲ್ಲಿ ಹಿಡಿಸುತ್ತೆ. ನಾನು ಅಲೆಮಾರಿ, ನಿನ್ನ ಹಾಗೆ ಮೇಜು ಕುರ್ಚಿ ಹೊತ್ತುಕೊಂಡು ತಿರುಗೋಕಾಗುತ್ತಾ?

ಮಾತಿಗೆ ಮಾತು ಬೆಳೀತು. ಕೊನೆಗೆ ಪಂದ್ಯ. ಪ್ರತಿ ಭಾನುವಾರ ಒಂದು ರೇಸು, ಅವನು ಅವನ ಮನೆಯಿಂದ ಗೇಮ್‌ಪ್ಯಾಡಲ್ಲಿ, ನಾನು ಎಲ್ಲಿರ್ತೀನೋ ಅಲ್ಲಿಂದ ಗಾಜಲ್ಲಿ. ಮೊದಲು ಮುನ್ನೂರು ಗೆದ್ದವರು ಗೆದ್ದ ಹಾಗೆ. ಸೋತವರು ಗೆದ್ದವರ ಮನೆ ಬಾಗಿಲಿಗೆ ಬಂದು, ಮುಖ ನೋಡಿ, ‘ಸೋತೆ’ ಅಂತ ಬಾಯಿಬಿಟ್ಟು ಹೇಳಬೇಕು. ಫೋನಲ್ಲಿ ಹೇಳಿದರೆ ಲೆಕ್ಕಕ್ಕಿಲ್ಲ.

ಮುನ್ನೂರು ಯಾಕೆ ಅಂತೀರಾ? ಅವನೇ ಹೇಳಿದ ಸಂಖ್ಯೆ ಅದು. ನೀನು ಮನೆಗೆ ಬರೋಳಲ್ಲ ಅಕ್ಕ, ಮುನ್ನೂರು ಅಂದರೆ ಹತ್ತು ವರ್ಷನಾದರೂ ಭಾನುವಾರಕ್ಕೊಮ್ಮೆ ಸಿಗ್ತೀಯ ಅಂದಿದ್ದ… ಆಗ ನಕ್ಕಿದ್ದೆ.

ನಿಧಾನ ನಡೀರಿ, ಇಲ್ಲಿ ಕಲ್ಲು ಎದ್ದಿದೆ.

ನಡೀತಾ ಬಂತು ರೀ. ಜ್ವರ ಬಂದಾಗಲೂ ಬಿಟ್ಟಿಲ್ಲ. ಒಂದು ಸಲ ಕಸ್ಟಮ್ಸಿನವರು ನನ್ನನ್ನ ಒಂದು ಕೋಣೇಲಿ ಕೂರಿಸಿದ್ದರು, ತೂಕದ ಬಟ್ಟುಗಳನ್ನ ನೋಡಿ ಏನೋ ಕದ್ದು ಸಾಗಿಸ್ತಿದ್ದಾಳೆ ಅಂತ. ಅಲ್ಲೇ ಕೂತು ಆಡಿ ಗೆದ್ದೆ. ಮಾತುಕತೆ ಅಂತ ನಮ್ಮ ಮಧ್ಯೆ ಬೇರೆ ಏನೂ ಇಲ್ಲ. ರೇಸು ಮುಗಿದ ಮೇಲೆ ಅವನು ‘ಚೆನ್ನಾಗಿದ್ದೀಯಾ’ ಅಂತ ಬರೀತಾನೆ, ನಾನು ‘ಇದ್ದೀನಿ’ ಅಂತೀನಿ. ಅಷ್ಟೆ. ಆದರೆ ಆಟದಲ್ಲೇ ಎಲ್ಲಾ ಗೊತ್ತಾಗ್ತಿತ್ತು. ಅವನಿಗೆ ನೆಗಡಿಯಾದರೆ ಗೇರು ಬದಲಿಸೋದು ತಡವಾಗ್ತಿತ್ತು. ಹೆಂಡತಿ ಜೊತೆ ಜಗಳ ಆಗಿದ್ದರೆ ಬ್ರೇಕೇ ಹಾಕ್ತಿರಲಿಲ್ಲ.

ಯಾಕೆ ನಗ್ತೀರಿ? ಅವಳು ಗೊತ್ತಾ ನಿಮಗೆ?

ಗೊತ್ತಿರಲೇಬೇಕು, ಇದೇ ಬೀದಿಯವರು. ನಾನಂತೂ ನೋಡಿಲ್ಲ. ಮದುವೆ ಹೊತ್ತಿಗೆ ನಾನು ಯಾವುದೋ ದ್ವೀಪದಲ್ಲಿ ಗೋಧಿ ತೂಗಿಸ್ತಿದ್ದೆ. ಒಂದು ಫೋಟೋ ಕಳಿಸಿದ್ದ, ಅದರಲ್ಲಿ ಬಿಸಿಲಿಗೆ ಕೈ ಅಡ್ಡ ಹಿಡಿದು ನಿಂತಿದ್ದಾಳೆ, ಮುಖದ ಅರ್ಧ ನೆರಳು. ಎದುರಿಗೆ ಬಂದರೂ ಗುರುತು ಸಿಗಲ್ಲ. ನನಗೆ ಆ ಹೆಂಗಸಿನ ಮೇಲೇ ಅನುಮಾನ.

ಹೇಳ್ತೀನಿ ಕೇಳಿ. ನಾಲ್ಕು ತಿಂಗಳ ಹಿಂದೆ ಅವನು ಇನ್ನೂರ ತೊಂಬತ್ತು, ನಾನು ಇನ್ನೂರ ಎಂಬತ್ತಮೂರು. ಇನ್ನು ಹತ್ತು ಗೆದ್ದರೆ ಅವನ ಕೆಲಸ ಆಯ್ತು. ಆಮೇಲೆ ಮೂರು ಭಾನುವಾರ ನಾಪತ್ತೆ. ಹನ್ನೆರಡು ವರ್ಷದಲ್ಲಿ ಒಟ್ಟು ಅಷ್ಟು ತಪ್ಪಿಸಿರಲಿಲ್ಲ ಅವನು. ಅಂಗಡಿ ಕೆಲಸ ಜಾಸ್ತಿ ಅಂತ ಒಂದು ಸಾಲು ಬಂತು. ನಾಲ್ಕನೇ ವಾರ ಬಂದ… ಸೋತ. ಮುಂದಿನ ವಾರ ಸೋತ. ಅದರ ಮುಂದಿನ ವಾರ ಎರಡೆರಡು ಸಲ ಆಡಿ ಎರಡೂ ಸೋತ, ತಪ್ಪಿದ ವಾರಗಳದ್ದು ಸರಿಮಾಡಬೇಕಂತೆ. ಹೀಗೆ ಸಾಲಾಗಿ ಹದಿನೇಳು. ನನಗೆ ಮುನ್ನೂರಾಯ್ತು. ಬೇರೆ ಯಾರಾದರೂ ಆಗಿದ್ದರೆ ಕುಣೀತಿದ್ದರು. ನಾನು ತಕ್ಕಡಿಯವಳು, ಮುಳ್ಳು ನನ್ನ ಕಡೆ ವಾಲಿದರೆ ನನಗೆ ಇನ್ನೂ ಜಾಸ್ತಿ ಅನುಮಾನ.

ಅದಕ್ಕೇ ಕಾರು ಹೋಗೋ ರೀತಿ ನೋಡ್ತಾ ಕೂತೆ. ಸೇತುವೆ ದಾಟಿದ ಮೇಲೆ ಒಂದು ದೊಡ್ಡ ತಿರುವು ಬರುತ್ತೆ. ನನ್ನ ತಮ್ಮ ಅಲ್ಲಿ ಬೆಣ್ಣೇಲಿ ಚಾಕು ಎಳೆದ ಹಾಗೆ ತಿರುಗಿಸ್ತಿದ್ದ, ಒಂದೇ ಗೆರೆ. ಗೇಮ್‌ಪ್ಯಾಡಿನ ಸ್ಟಿಕ್ಕಿಗೆ ಮಾತ್ರ ಬರೋ ಗೆರೆ ಅದು. ಹೆಬ್ಬೆರಳನ್ನ ಕೂದಲೆಳೆ ತಳ್ಳಿದರೆ ಚಕ್ರ ಕೂದಲೆಳೆ ತಿರುಗುತ್ತೆ, ರಬ್ಬರು ಬೆರಳಿಗೆ ಕಚ್ಚಿಕೊಂಡಿರುತ್ತೆ, ಬಿಟ್ಟ ತಕ್ಷಣ ತಾನಾಗಿ ನಡುವಿಗೆ ಬಂದು ನಿಲ್ಲುತ್ತೆ… ಅಂತ ಅವನೇ ಹೇಳ್ತಿದ್ದ. ನನಗೇನು ಗೊತ್ತು, ನಾನು ಗಾಜಿನವಳು. ಈ ನಾಲ್ಕು ತಿಂಗಳಲ್ಲಿ ಆ ತಿರುವಲ್ಲಿ ಅವನ ಕಾರು ಹೇಗೆ ಹೋಗುತ್ತೆ ಗೊತ್ತಾ? ಮೆಟ್ಟಿಲು ಇಳಿದ ಹಾಗೆ. ಚೂರು ತಿರುಗುತ್ತೆ, ನಿಲ್ಲುತ್ತೆ, ಮತ್ತೆ ಚೂರು ತಿರುಗುತ್ತೆ. ಬ್ರೇಕು ಹಾಕುವಾಗ ಗೇರಿಲ್ಲ, ಗೇರು ಹಾಕುವಾಗ ಬ್ರೇಕಿಲ್ಲ. ಅದು ಗಾಜು ರೀ. ಗಾಜಿನ ಮೇಲೆ ಬೆರಳಿಟ್ಟು ಹುಡುಕ್ತಾ ಆಡೋರ ಗೆರೆ. ನನ್ನ ತಮ್ಮ ಸತ್ತರೂ ಗಾಜು ಮುಟ್ಟೋನಲ್ಲ.

ಹಾಗಾದರೆ ಆಡ್ತಿರೋದು ಯಾರು?

ಅವಳೇ. ಇನ್ಯಾರು. ಅಕ್ಕನ ಕಾಟ ಮುಗೀಲಿ ಅಂತ ತಾನೇ ಫೋನು ಹಿಡಿದು ಬೇಕಂತಲೇ ಸೋತು ಲೆಕ್ಕ ಮುಗಿಸಿದ್ದಾಳೆ. ಇಲ್ಲಾ ಅವನೇ ಬೇಸತ್ತು ಅವಳ ಕೈಗೆ ಕೊಟ್ಟಿದ್ದಾನೆ. ಯಾವುದಾದರೂ ಮೋಸವೇ. ನಿಂತ್ರಲ್ಲ, ಯಾಕೆ? ಕಣ್ಣಲ್ಲಿ ಏನಾದರೂ ಬಿತ್ತಾ?

ಮುನ್ನೂರಾದ ದಿನ ಬರೆದೆ, ಪಂದ್ಯದ ಮಾತು ಉಳಿಸ್ಕೋ, ಬಾ ಅಂತ. ಏನು ಉತ್ತರ ಬಂತು ಗೊತ್ತಾ? ‘ಬರೋಕಾಗಲ್ಲ.’ ಮುಂದಿಲ್ಲ ಹಿಂದಿಲ್ಲ. ಫೋನು ಮಾಡಿದೆ, ಎತ್ತಲಿಲ್ಲ. ಹನ್ನೆರಡು ವರ್ಷ ಕಾದು ಗೆದ್ದವಳಿಗೆ ಒಂದು ಪದ. ಮೂರು ರೈಲು ಬದಲಿಸಿ ಬಂದಿದ್ದೀನಿ, ಹೇಳದೆ ಕೇಳದೆ. ತಪಾಸಣೆಗೆ ಹೇಳಿ ಹೋದರೆ ತಕ್ಕಡಿ ಸರಿಯಾಗೇ ಇರುತ್ತೆ.

ಇನ್ನೊಂದೂ ಇದೆ… ಹೇಳಬಾರದು ಅಂತಿದ್ದೆ. ಮೋಸ ಅಂದ್ಕೊಂಡರೇ ವಾಸಿ ನನಗೆ. ಮೋಸ ಅಲ್ಲದಿದ್ದರೆ ಇನ್ನೇನು? ಅವನೇ ಇಲ್ಲದೆ, ಬೇರೆ ಯಾರೋ ಅವನ ಹೆಸರಲ್ಲಿ… ಬೇಡ. ಬಾಯಲ್ಲಿ ಆಡೋದು ಬೇಡ. ಅವನು ಇದ್ದಾನೆ ತಾನೆ? ನಿಮ್ಮ ಬೀದಿಯವನು, ಹೇಳಿ.

ಇದ್ದಾನಾ. ಸರಿ. ಹಾಗಾದರೆ ಮೋಸವೇ. ಒಳ್ಳೇದಾಯ್ತು.

ನಾನಾ? ನಾನು ಗಾಜಲ್ಲೇ ಆಡಿದ್ದು, ಇನ್ನೇನು. ಈ ಎರಡು ಬೆರಳು, ಒಂದು ಫೋನು. ಏನು ಹಾಗೆ ನೋಡ್ತೀರಿ? ಹೆಬ್ಬೆರಳ ತುದಿ ಜಡ್ಡುಗಟ್ಟಿದೆ, ಹೌದು. ಬಟ್ಟು ಎತ್ತಿ ಎತ್ತಿ ಬಂದಿದ್ದು. ಕಷ್ಟ ಇರಲಿಲ್ಲ ಅಂತಲ್ಲ. ಸೆಕೆ ಊರುಗಳಲ್ಲಿ ಬೆರಳು ಬೆವರಿ ಜಾರುತ್ತೆ, ಚಳಿ ಊರುಗಳಲ್ಲಿ ಗಾಜಿಗೆ ಬೆರಳು ಸತ್ತಿದೆಯೋ ಬದುಕಿದೆಯೋ ತಿಳಿಯಲ್ಲ. ಜೊತೆಗೆ ನನ್ನ ಕಾರಿಗೊಂದು ಹುಚ್ಚು, ನೇರ ರಸ್ತೇಲಿ ಸುಮ್ಮನೆ ಬಿಟ್ಟರೂ ಚೂರು ಎಡಕ್ಕೆ ಎಳೀತದೆ. ಏಳೆಂಟು ವರ್ಷದಿಂದ ಹಾಗೇ. ಫೋನು ಹಳೇದಾಯ್ತು ಅಂದ್ಕೊಂಡೆ, ಬದಲಾಯಿಸಿದೆ, ಆದರೂ ಎಳೀತದೆ. ಆಟದಲ್ಲೇ ಏನೋ ದೋಷ ಇರಬೇಕು. ಬೇಕಾದರೆ ನೋಡಿ, ಇವತ್ತು ನಡೆಯುವಾಗಲೂ ಎಡಕ್ಕೇ ಹೋಗಿ ಹೋಗಿ ದಾರಿ ತಪ್ಪಿಸಿಕೊಂಡೆ.

ಮತ್ತೆ ನಿಂತ್ರಿ. ನಾನು ಏನಂದೆ ಈಗ? ಎಡಕ್ಕೆ ಎಳೀತದೆ ಅಂದೆ. ಅದರಲ್ಲಿ ಅಷ್ಟು ನೋಡೋದು ಏನಿದೆ?

ಓಹೋ, ಇದೇನಾ. ಮೆಟ್ಟಿಲ ಕೆಳಗಿನ ಅಂಗಡಿ. ಫಲಕದ ಮೇಲೆ ದೊಡ್ಡದೊಂದು ಗುಂಡಿ ಬರೆಸಿದ್ದಾನೆ, ಕೆಂಪು ಬಣ್ಣ. ಅವನ ರುಚಿನೇ ಅಷ್ಟು. ಬಾಗಿಲು ಹಾಕಿದೆಯಲ್ಲ. ನಡು ಮಧ್ಯಾಹ್ನ ಬೀಗ ಹಾಕಿಕೊಂಡು ಎಲ್ಲಿಗೆ ಹೋದ? ನಾನು ಬರೋ ಸುಳಿವು ಯಾರೋ ಕೊಟ್ಟಿರಬೇಕು. ಆ ಚಪ್ಪಲಿ ಅಂಗಡಿಯವನೇ…

ಬೀಗದ ಕೈ ನಿಮ್ಮ ಹತ್ತಿರ ಹೇಗೆ?

ರೀ. ಕೇಳ್ತಿದ್ದೀನಿ. ಈ ಅಂಗಡಿ ಬೀಗದ ಕೈ ನಿಮ್ಮ ಸೊಂಟದಲ್ಲಿ ಯಾಕಿದೆ?

ಕೈ ಹಾಗೆ ಅಡ್ಡ ಹಿಡೀಬೇಡಿ ಬಿಸಿಲಿಗೆ… ಅಯ್ಯೋ. ಫೋಟೋ. ನೀನಾ? ನೀವಾ… ಇಷ್ಟು ದೂರ ಪಕ್ಕದಲ್ಲೇ ನಡೆಸ್ಕೊಂಡು ಬಂದು, ನಾನು ನಿನ್ನನ್ನೇ ಬೈತಿದ್ದರೂ ಕೇಳಿಸ್ಕೊಂಡು… ಒಂದು ಮಾತು ಆಡಬಾರದಿತ್ತಾ ತಾಯಿ? ಹನ್ನೆರಡು ವರ್ಷ ಮನೆ ಕಡೆ ತಲೆ ಹಾಕದ ಅತ್ತಿಗೆ ಏನೇನು ಒದರ್ತಾಳೆ ನೋಡೋಣ ಅಂತನಾ? ನೋಡಿದೆಯಲ್ಲ. ಬರ್ತೀನಿ, ಬರ್ತೀನಿ, ಚಪ್ಪಲಿ ಇಲ್ಲೇ ಬಿಡ್ತೀನಿ.

ಇದೇನು, ಶೆಲ್ಫಿನ ಮೇಲೆಲ್ಲ ಬಟ್ಟೆ ಮುಚ್ಚಿದ್ದೀರಿ. ಅವನ ಗೇಮ್‌ಪ್ಯಾಡುಗಳು… ಧೂಳು ಹಿಡಿದಿವೆ. ಈ ಮೇಜು ಯಾರದು? ಫೋನನ್ನ ಹಲಗೆಗೆ ಬಿಗಿದು ಮಲಗಿಸಿದ್ದೀರಿ. ಎಡಗಡೆ ಕೈ ಇಡೋಕೆ ಮೆತ್ತೆ. ಬಲಗಡೆ ಏನೂ ಇಲ್ಲ. ಗುಂಡಿ ಎಲ್ಲ ಗಾಜಿನ ಎಡ ಮೂಲೇಲೇ ಜೋಡಿಸಿದೆ… ಸ್ಟಿಯರಿಂಗು, ಬ್ರೇಕು, ಗೇರು, ಎಲ್ಲಾ ಒಂದೇ ಕೈ ಅಳತೇಲಿ. ಬೆರಳಿರೋ ಕಡೆಗೆ ಗುಂಡಿ ಬರುತ್ತೆ… ನನ್ನದೇ ಮಾತು.

ಆ ಚೆಂಡು. ಬಲಗೈಲಿ ಹಿಸುಕೋಕಾ?

ಲಕ್ವ ಹೊಡೆದು ನಾಲ್ಕು ತಿಂಗಳಾಯ್ತಾ? ಮಾತೂ ತೊದಲುತ್ತಾ? ಅದಕ್ಕೇ ಫೋನು ಎತ್ತಲಿಲ್ಲ. ‘ಬರೋಕಾಗಲ್ಲ’ ಅಂದಿದ್ದು… ಅದಕ್ಕಾ. ಒಂದೇ ಕೈಲಿ ಗೇಮ್‌ಪ್ಯಾಡು ಹಿಡಿಯೋಕಾಗದೆ ಗಾಜು ಮುಟ್ಟಿದ. ಅವನೇ. ಆ ಮೆಟ್ಟಿಲು ಮೆಟ್ಟಿಲು ತಿರುವು ಅವನದೇ. ಎಡಗೈ, ಒಂದೇ ಬೆರಳು. ಬೇರೆ ಯಾರೂ ಅಲ್ಲ.

ಎಲ್ಲಿ? ಪರದೆ ಹಿಂದೆನಾ, ಮಲಗಿದ್ದಾನಾ? ಇರು, ಒಳಗೆ ಹೋಗ್ತೀನಿ. ಯಾಕೆ ತಡೀತೀಯ? ಏನದು, ಡ್ರಾಯರಿನಲ್ಲಿ ಏನು ಹುಡುಕ್ತೀಯ ಈ ಹೊತ್ತಲ್ಲಿ? ಪ್ಯಾಕೆಟ್ಟಾ, ನನಗಾ? ‘ಅಕ್ಕ’ ಅಂತ ಬರೆದಿದೆ. ಅವನ ಅಕ್ಷರ, ಆಗಿನದು, ಚೆನ್ನಾಗಿದೆ. ತಾರೀಖು ಏಳು ವರ್ಷದ ಹಿಂದಿನದು. ಕನ್ನಡಕ… ಇರು. ‘ಅಕ್ಕನ ಕಾರು ಎಡಕ್ಕೆ ಎಳೀತಿದೆ. ಎಡಗಡೆ ಸ್ಟಿಕ್ಕು ಸವೆದಿದೆ. ಬಂದಾಗ ಬದಲಾಯಿಸೋದು.’

ಒಳಗೆ ಹೊಸ ಸ್ಟಿಕ್ಕು. ರಬ್ಬರಿನ ಟೊಪ್ಪಿ ಸಮೇತ.

ನೀನು ಏನೂ ಕೇಳ್ತಿಲ್ಲ.

ಕೇಳಮ್ಮಾ, ಏನಾದರೂ ಕೇಳು. ಗಾಜಿನವಳ ಕಾರಿಗೆ ಸ್ಟಿಕ್ಕು ಯಾಕೆ ಅಂತ ಕೇಳು. ಹಾಗೆ ಸುಮ್ಮನೆ ಬಾಗಿಲಿಗೆ ಒರಗಿ ನಿಂತು ನನ್ನ ಹೆಬ್ಬೆರಳು ನೋಡಬೇಡ. ತಪಾಸಣೆ ಮಾಡುವಾಗ ನಾನು ನಿಲ್ಲೋದು ಹಾಗೇ, ನನಗೆ ಗೊತ್ತು ಆ ನಿಲುವು. ಎದುರಿಗಿರೋನು ತಾನಾಗೇ ಬಾಯಿ ಬಿಡಲಿ ಅಂತ ನಿಲ್ಲೋದು.

ಬ್ಯಾಗು ನಿನ್ನ ಕೈಗೆ ಕೊಡಲಿಲ್ಲ ಯಾಕೆ ಅಂದರೆ… ತಗೋ. ಇದೇ. ಬಟ್ಟೆ ಅಡೀಲಿ. ಪಂದ್ಯದ ಎರಡನೇ ವರ್ಷ ಸಾಲಾಗಿ ಒಂಬತ್ತು ಸೋತಿದ್ದೆ. ಒಂದು ಬಂದರಲ್ಲಿ ಮಂಜು ಮುಸುಕಿ ಆರು ದಿನ ಕೆಲಸ ಇರಲಿಲ್ಲ. ಹಡಗಿನವರ ಸಾಮಾನು ಮಾರೋ ಅಂಗಡೀಲಿ ಇದು ಕಾಣಿಸ್ತು. ಫೋನಿಗೆ ಸಿಕ್ಕಿಸಿ ಆಡೋ ಗೇಮ್‌ಪ್ಯಾಡು. ಒಂದೇ ಒಂದು ವಾರ ನೋಡೋಣ ಅಂತ ತಗೊಂಡೆ… ಕೈಗೆ ಸಿಕ್ಕ ತಕ್ಷಣ ಗೊತ್ತಾಯ್ತು ಅವನು ಹೇಳಿದ್ದೆಲ್ಲ ನಿಜ ಅಂತ. ಕೈಯೊಳಗೆ ಇನ್ನೊಂದು ಕೈ. ಅವತ್ತೇ ಅವನಿಗೆ ಬರೀಬೇಕಿತ್ತು. ಬರೆದರೆ ಪಂದ್ಯ ಮುಗೀತಿತ್ತು. ಪಂದ್ಯ ಮುಗಿದರೆ ಭಾನುವಾರ ಮುಗೀತಿತ್ತು. ಹಾಗಂತ ನನಗೆ ನಾನೇ ಹೇಳ್ಕೊಂಡೆ. ಅದೂ ಪೂರ್ತಿ ನಿಜ ಅಲ್ಲ, ಗೆಲ್ಲೋ ಚಪಲವೂ ಇತ್ತು.

ಅವನು ಏಳು ವರ್ಷ ನೋಡ್ತಾನೇ ಇದ್ದ, ನಾನು ನೇರ ರಸ್ತೇಲಿ ಎಡಕ್ಕೆ ಎಡಕ್ಕೆ ಜಾರೋದನ್ನ. ಗಾಜು ಹಾಗೆ ಎಳೆಯಲ್ಲ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ? ಮುಟ್ಟದಿದ್ದರೂ ವಾಲೋದು ಸವೆದ ಸ್ಟಿಕ್ಕು ಮಾತ್ರ. ಖಾಲಿ ತಕ್ಕಡಿ ಮುಳ್ಳು ನೋಡಬೇಕು ಅಂತ ಊರೂರಿಗೆ ಪಾಠ ಹೇಳಿದವಳು ನನ್ನ ಸೊನ್ನೆ ನೋಡ್ಕೊಳ್ಳಲಿಲ್ಲ. ಅವನು ಒಂದು ದಿನ, ಒಂದೇ ದಿನ ಕೇಳಬಹುದಿತ್ತು. ಕೇಳದೆ ಬಿಡಿಭಾಗ ತೆಗೆದಿಟ್ಟ. ಬಂದಾಗ ಬದಲಾಯಿಸೋದು ಅಂತ.

ನೀನೂ ಕೇಳಲ್ಲ. ಗಂಡ ಹೆಂಡತಿ ಇಬ್ಬರೂ ಒಂದೇ.

ಸರಿ, ದಾರಿ ಬಿಡು. ಪರದೆ ನಾನೇ ಸರಿಸ್ತೀನಿ. ಇಲ್ಲ, ಅತ್ತಿಲ್ಲ, ನಿಮ್ಮ ಬೀದಿ ಧೂಳು.

ಲೋ… ಏಳಬೇಡ. ಏಳಬೇಡವೋ, ಹಾಗೇ ಒರಗಿರು. ಎಚ್ಚರವಾಗೇ ಇದ್ದೆಯಾ? ಎಲ್ಲಾ ಕೇಳಿಸ್ಕೊಂಡೆಯಾ? ಕಳ್ಳ. ಎಷ್ಟು ಬಿಳಿಯಾಗಿದೆ ತಲೆ. ಕೈ ಕೊಡು. ಆ ಕೈಯಲ್ಲ, ಇದು, ಬಲಗೈ. ನನ್ನ ಕೈಲೇ ಇರಲಿ.

ವಸೂಲಿಗೆ ಬಂದೆ ಅಂತ ನಿನ್ನ ಹೆಂಡತಿ ಹತ್ತಿರ ಬೀದಿಯುದ್ದಕ್ಕೂ ಕೊಚ್ಚಿಕೊಂಡು ಬಂದೆ. ಬಾಗಿಲಿಗೆ ಬಂದಿದ್ದೀನಿ. ಮುಖ ನೋಡ್ತಿದ್ದೀನಿ. ಸೋತೆ ಕಣೋ.

ಏನು? ಬೆರಳು ಯಾಕೆ ಎತ್ತಿದೆ? ಒಂದಾ? ಇನ್ನೊಂದು ಸಲ ಹೇಳಬೇಕಾ?

ಎರಡನೇ ವರ್ಷದಿಂದ ಇವತ್ತಿನವರೆಗೂ ಎಲ್ಲಾ ಸೇರಿ… ಸೋತೆ.